ಪರೇಲಿನ ಪ್ರಯೋಗಾಲಯಕ್ಕೆ ಧಾರವಾಡ ಸೀಮೆಯ ಋಣಸ್ಮರಣೆ

ಮುಂಬಯಿಯ ಪರೇಲಿನಲ್ಲಿರುವ ಹಾಫ್‌ಕಿನ್ ಸಂಸ್ಥೆ ಆರಂಭವಾದದ್ದು 1899ರ ಆಗಸ್ಟ್ 10ರಂದು. 2024ರಲ್ಲಿ ಅದಕ್ಕೆ 125 ವರ್ಷ ತುಂಬಿತು. ಮುಂಬಯಿಯ ವೈದ್ಯಕೀಯ ಸಂಸ್ಥೆಯೊಂದರ ಚರಿತ್ರೆಯನ್ನು ಧಾರವಾಡ ತಾಲ್ಲೂಕಿನ ಉಪ್ಪಿನಬೆಟಗೇರಿಯಲ್ಲಿ ಕುಳಿತು ಬರೆಯುವ ಕಾರಣವೇನು ಎಂದು ಇಂದಿನ ತರುಣರು ಕೇಳಿಯಾರು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಈ ನಾಲ್ಕು ಕನ್ನಡ ಜಿಲ್ಲೆಗಳು 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದವು. ನಮ್ಮ ಮುತ್ತಜ್ಜ, ಮುತ್ತಜ್ಜಿಯರ ತೋಳಿಗೆ ಚುಚ್ಚಿದ ಪ್ಲೇಗಿನ ಲಸಿಕೆ ಮುಂಬಯಿಯಲ್ಲಿ ತಯಾರಾಗಿ ರೈಲು ಹತ್ತಿ ಬಂದದ್ದು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಆ ಲಸಿಕೆ ಒಂದು ಇಡೀ ಪಟ್ಟಣವನ್ನು ಕಾಯಬಲ್ಲದು ಎಂಬುದಕ್ಕೆ ಜಗತ್ತಿಗೆ ದೊರೆತ ಆರಂಭದ ದೊಡ್ಡ ಪುರಾವೆಗಳಲ್ಲಿ ನಮ್ಮ ಹುಬ್ಬಳ್ಳಿಯದೂ ಒಂದು. ಸಂಸ್ಥೆಗೆ ಕಟ್ಟಡ ದೊರೆಯುವುದಕ್ಕೆ ಒಂದು ವರ್ಷ ಮೊದಲೇ ನಮ್ಮ ಜನ ಅದರ ಕೆಲಸಕ್ಕೆ ಸಾಕ್ಷಿ ನುಡಿದಿದ್ದರು.

ಈ ಸ್ಮರಣೆಗೆ ಇನ್ನೊಂದು ಕಾರಣವೂ ಇದೆ. ಹಳ್ಳಿಯ ಶಾಲೆಗಳಲ್ಲಿ ವಿಜ್ಞಾನ ಕಲಿಸುವ ನಾವು, ಮನೆಮನೆಗೆ ಹೋಗಿ ಲಸಿಕೆ ಹಾಕುವ ಆರೋಗ್ಯ ಕಾರ್ಯಕರ್ತೆಯರು, ದನಕರುಗಳ ಆರೈಕೆ ಮಾಡುವ ಪಶುವೈದ್ಯ ಬಂಧುಗಳು ಎಲ್ಲರೂ ಒಂದು ಪ್ರಶ್ನೆಗೆ ಮತ್ತೆ ಮತ್ತೆ ಉತ್ತರ ಹೇಳಬೇಕಾಗುತ್ತದೆ: ಮನುಷ್ಯನ ಔಷಧಕ್ಕಾಗಿ ಮೂಕಪ್ರಾಣಿಗಳನ್ನು ಬಳಸುವುದು ಸರಿಯೇ? ಕಾರಹುಣ್ಣಿಮೆಗೆ ಎತ್ತುಗಳನ್ನು ಸಿಂಗರಿಸಿ ಓಡಿಸುವ, ಪಂಚಮಿಗೆ ನಾಗಪ್ಪನಿಗೆ ಹಾಲೆರೆಯುವ ಸೀಮೆಯಲ್ಲಿ ಈ ಪ್ರಶ್ನೆ ಏಳದಿದ್ದರೇ ಆಶ್ಚರ್ಯ. ಹಾಫ್‌ಕಿನ್ ಸಂಸ್ಥೆಯ ಚರಿತ್ರೆ ಈ ಪ್ರಶ್ನೆಯ ಜೊತೆಜೊತೆಗೇ ಬೆಳೆದು ಬಂದಿದೆ. ಜನರಿಗೆ ತಿಳಿಹೇಳಿ ಅವರ ವಿಶ್ವಾಸ ಗಳಿಸುವುದು ಔಷಧ ಕಂಡುಹಿಡಿಯುವಷ್ಟೇ ದೊಡ್ಡ ಕೆಲಸ ಎಂಬುದನ್ನು ಆ ಚರಿತ್ರೆ ನಮಗೆ ಕಲಿಸಿದೆ.

ಸ್ಥಾಪಕರ ಬದುಕು

ಸಂಸ್ಥೆಯ ಸ್ಥಾಪಕರಾದ ವಾಲ್ಡೆಮಾರ್ ಮೊರ್ಡೆಕಾಯ್ ಹಾಫ್‌ಕಿನ್ ಅವರು 1860ರ ಮಾರ್ಚ್ 15ರಂದು ಕಪ್ಪು ಸಮುದ್ರದ ದಂಡೆಯ ಒಡೆಸ್ಸಾ ನಗರದಲ್ಲಿ, ಯೆಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಪ್ರಾಣಿಶಾಸ್ತ್ರಜ್ಞ ಇಲ್ಯಾ ಮೆಚ್ನಿಕಾಫ್ ಅವರ ಶಿಷ್ಯರಾಗಿ, ಅನಂತರ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಗೆ ಬಂದರು. ಅಲ್ಲಿ ಅವರಿಗೆ ಮೊದಲು ಸಿಕ್ಕಿದ್ದು ಗ್ರಂಥಾಲಯದ ಕೆಲಸ. ಬಿಡುವಿನ ವೇಳೆಯಲ್ಲಿ ಪ್ರಯೋಗ ನಡೆಸುತ್ತ ಕಾಲರಾ ರೋಗಾಣುಗಳನ್ನು ಗಿನಿಪಿಗ್‌ಗಳ ದೇಹದಲ್ಲಿ ಪಳಗಿಸಿ ಲಸಿಕೆಯೊಂದನ್ನು ಸಿದ್ಧಪಡಿಸಿದರು. ಪ್ರಾಣಿಗಳ ಮೇಲೆ ಅದು ಫಲ ಕೊಟ್ಟ ಬಳಿಕ, 1892ರ ಜುಲೈ 18ರಂದು ತಮ್ಮ ಮೈಗೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದು ಕಲಕತ್ತೆಯ ಕಡೆ ಹಾಗೂ ಉತ್ತರ ಭಾರತದಲ್ಲಿ ಸಾವಿರಾರು ಜನರಿಗೆ ಕಾಲರಾ ಲಸಿಕೆ ಹಾಕಿದರು.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಹಬ್ಬಿದ ವಿಚಿತ್ರ ಜ್ವರವನ್ನು ಡಾ. ಅಕಾಸಿಯೊ ಗಾಬ್ರಿಯೆಲ್ ವಿಯೆಗಾಸ್ ಎಂಬ ಗೋವೆಯ ಮೂಲದ ವೈದ್ಯರು ಪ್ಲೇಗ್ ಎಂದು ಗುರುತಿಸಿದರು. ಜನ ನಗರ ಬಿಟ್ಟು ಓಡತೊಡಗಿದರು. ಸರ್ಕಾರದ ಕರೆಯ ಮೇರೆಗೆ ಹಾಫ್‌ಕಿನ್ ಅವರು ಅಕ್ಟೋಬರಿನಲ್ಲಿ ಮುಂಬಯಿಗೆ ಬಂದರು. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅವರಿಗೆ ದೊರೆತದ್ದು ಇಕ್ಕಟ್ಟಾದ ಜಾಗ, ಒಬ್ಬ ಗುಮಾಸ್ತ, ಕೆಲವೇ ಜವಾನರು. ಇಂದಿನ ದೊಡ್ಡ ಸಂಸ್ಥೆ ಹುಟ್ಟಿದ್ದು ಈ ಬಡತನದಲ್ಲಿ.

ಮೂರೇ ತಿಂಗಳಲ್ಲಿ ಲಸಿಕೆ ಸಿದ್ಧವಾಯಿತು. ಅದನ್ನು ಮೊದಲು ಪಡೆದವು ಮೊಲಗಳು. ಲಸಿಕೆ ಪಡೆದ ಮೊಲಗಳು ಪ್ಲೇಗಿನ ರೋಗಾಣುವನ್ನು ತಡೆದುಕೊಂಡು ಉಳಿದವು; ಪಡೆಯದವು ಸತ್ತವು. ಮೊಲಗಳ ಅನಂತರ ಸರದಿ ತಮ್ಮದೇ ಎಂದು ಹಾಫ್‌ಕಿನ್ ನಿಶ್ಚಯಿಸಿದರು. 1897ರ ಜನವರಿ 10ರಂದು ಬೇರೆಯವರಿಗೆ ಕೊಡಲು ಯೋಚಿಸಿದ್ದಕ್ಕಿಂತ ಬಹಳ ಹೆಚ್ಚಿನ ಪ್ರಮಾಣವನ್ನು ತಾವು ಚುಚ್ಚಿಸಿಕೊಂಡು ಜ್ವರ, ನೋವುಗಳನ್ನು ಅನುಭವಿಸಿದರು. ಅದೇ ತಿಂಗಳು ಬೈಕಲಾ ಜೈಲಿನಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಒಪ್ಪಿ ಮುಂದೆ ಬಂದ ಕೈದಿಗಳಿಗೆ ಲಸಿಕೆ ಹಾಕಲಾಯಿತು. ಹಾಕಿಸಿಕೊಂಡವರಲ್ಲಿ ರೋಗವೂ ಸಾವೂ ಬಹಳ ಕಡಿಮೆಯಾದವು. ಹಾಫ್‌ಕಿನ್ ಅವರಿಗೆ ನೆರವಾದ ದಾನಿಗಳಲ್ಲಿ ಮೊದಲಿಗರು ಖೋಜಾ ಸಮುದಾಯದ ಧರ್ಮಗುರುಗಳಾದ ಮೂರನೆಯ ಆಗಾ ಖಾನ್. ಇನ್ನೂ ಇಪ್ಪತ್ತರ ಹರೆಯದ ಅವರು ಎಲ್ಲರೆದುರು ತಾವೇ ಲಸಿಕೆ ಹಾಕಿಸಿಕೊಂಡು ತಮ್ಮ ಜನರ ಅಂಜಿಕೆ ಬಿಡಿಸಿದರು. ಪ್ರಯೋಗಾಲಯಕ್ಕೆ ತಮ್ಮ ಖುಸ್ರು ಲಾಡ್ಜ್ ಬಂಗಲೆಯನ್ನೂ ಬಿಟ್ಟುಕೊಟ್ಟರು.

ಹುಬ್ಬಳ್ಳಿಯ ಸಾಕ್ಷಿ, 1898

ರೈಲು ದಾರಿ ಹಿಡಿದು ಪ್ಲೇಗ್ ನಮ್ಮ ಜಿಲ್ಲೆಗೂ ಬಂತು. ಹುಬ್ಬಳ್ಳಿ ಆಗಲೇ ಸದರ್ನ್ ಮರಾಠಾ ರೈಲ್ವೆಯ ದೊಡ್ಡ ಕೇಂದ್ರ, ಹತ್ತಿ ವ್ಯಾಪಾರದ ಪೇಟೆ. 1898ರ ಮಳೆಗಾಲದಲ್ಲಿ ರೋಗ ಅಲ್ಲಿ ಉಗ್ರರೂಪ ತಾಳಿತು. ಅದೇ ಆಗಸ್ಟಿನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಹೋದವರ ಮೂಲಕ ಬೆಂಗಳೂರಿಗೂ ಮುಟ್ಟಿತು. ಇಲಿ ಬಿದ್ದರೆ ಮನೆ ಬಿಡಬೇಕು, ಊರ ಹೊರಗೆ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕು ಎಂಬ ರೂಢಿ ನಮ್ಮ ಹಳ್ಳಿಗಳಲ್ಲಿ ಬೇರೂರಿದ್ದು ಆ ಕಾಲದಲ್ಲಿ. ಗಂಟುಬೇನೆಯ ಹೆಸರು ಕೇಳಿದರೆ ಹಿರಿಯರು ದನಿ ತಗ್ಗಿಸುತ್ತಿದ್ದುದನ್ನು ನಮ್ಮಲ್ಲಿ ಅನೇಕರು ಬಲ್ಲೆವು.

ಸರ್ಕಾರದ ಮೇಲೆ ಜನರಿಗೆ ನಂಬಿಕೆಯಿಲ್ಲದ ಕಾಲವದು. 1897ರ ಸಾಂಕ್ರಾಮಿಕ ರೋಗ ಕಾಯ್ದೆ ಅಧಿಕಾರಿಗಳ ಕೈಗೆ ಮಿತಿಯಿಲ್ಲದ ಬಲ ಕೊಟ್ಟಿತ್ತು. ಪುಣೆಯಲ್ಲಿ ಸೈನಿಕರು ಮನೆಗಳೊಳಗೆ ನುಗ್ಗಿ ತಪಾಸಣೆ ನಡೆಸಿದ್ದರಿಂದ ರೊಚ್ಚಿಗೆದ್ದ ಚಾಫೇಕರ್ ಸಹೋದರರು ಅದೇ ವರ್ಷದ ಜೂನ್ 22ರಂದು ಪ್ಲೇಗ್ ಅಧಿಕಾರಿ ರಾಂಡ್‌ಗೆ ಗುಂಡಿಕ್ಕಿದ್ದರು. ಬಲವಂತದಿಂದ ಜನರ ಆರೋಗ್ಯ ಕಾಯಲಾಗದು ಎಂಬ ಪಾಠ ಆಳುವವರಿಗೆ ಇನ್ನೂ ಅರಗಿರಲಿಲ್ಲ. ಲಸಿಕೆಯನ್ನು ಒಪ್ಪಿದವರಿಗೆ ಮಾತ್ರ ಕೊಡಬೇಕು ಎಂಬುದು ಹಾಫ್‌ಕಿನ್ ಅವರ ನಿಲುವು.

ಇಂಥ ಹೊತ್ತಿನಲ್ಲಿ ಹುಬ್ಬಳ್ಳಿಯಲ್ಲಿ ಸರ್ಜನ್ ಕ್ಯಾಪ್ಟನ್ ಲ್ಯೂಮನ್ ಅವರ ಉಸ್ತುವಾರಿಯಲ್ಲಿ ಲಸಿಕೆಯ ಕೆಲಸ ನಡೆಯಿತು. 1898ರ ಮೇ ತಿಂಗಳಿಂದ ಸೆಪ್ಟೆಂಬರ್ ಅಂತ್ಯದೊಳಗೆ, ಸುಮಾರು 50 ಸಾವಿರ ಜನಸಂಖ್ಯೆಯ ಆ ಪಟ್ಟಣದಲ್ಲಿ 38 ಸಾವಿರಕ್ಕೂ ಮಿಕ್ಕಿ ಜನ ಲಸಿಕೆ ಹಾಕಿಸಿಕೊಂಡರು. ವಾರವಾರವೂ ಲಸಿಕೆ ಪಡೆದವರೆಷ್ಟು, ಪಡೆಯದವರೆಷ್ಟು, ಎರಡೂ ಕಡೆ ಸತ್ತವರೆಷ್ಟು ಎಂಬ ಲೆಕ್ಕವನ್ನು ಲ್ಯೂಮನ್ ಬರೆದಿಟ್ಟರು. ಪಡೆಯದವರಲ್ಲಿ ಸಾವಿನ ಪ್ರಮಾಣ ಅನೇಕ ಪಟ್ಟು ಹೆಚ್ಚಿತ್ತು. ಹುಬ್ಬಳ್ಳಿಯ ಈ ಲೆಕ್ಕವನ್ನು ಭಾರತದ ಪ್ಲೇಗ್ ಆಯೋಗ ಪರಿಶೀಲಿಸಿತು. ಇಂಗ್ಲೆಂಡಿನ ವೈದ್ಯಲೋಕ ಚರ್ಚಿಸಿತು. ಚುಚ್ಚಿಸಿಕೊಂಡವರಿಗೆ ಕೊಡುತ್ತಿದ್ದ ಪ್ರಮಾಣಪತ್ರವಿದ್ದರೆ ಶಿಬಿರವಾಸ, ಪ್ರಯಾಣದ ತಡೆಗಳಿಂದ ವಿನಾಯಿತಿ ಸಿಗುತ್ತಿತ್ತು ಎಂಬುದೂ ಜನ ಮುಂದೆ ಬರಲು ಒಂದು ಕಾರಣ. ಆದರೂ ಕಣ್ಣೆದುರು ಉಳಿದವರನ್ನೂ ಅಳಿದವರನ್ನೂ ಕಂಡು ಜನ ತಾವಾಗಿ ಬಂದದ್ದೇ ಹೆಚ್ಚು. ಆ ಸಾವಿರಾರು ಅನಾಮಧೇಯ ಕನ್ನಡಿಗರನ್ನು ಸಂಸ್ಥೆಯ ಮೊದಲ ಪೋಷಕರೆಂದು ಕರೆಯಲು ನಮಗೆ ಹೆಮ್ಮೆಯಿದೆ.

ಶೀಷೆಯಲ್ಲಿ ಏನಿತ್ತು?

ಅಂದಿನ ಜನರ ಮೊದಲ ಪ್ರಶ್ನೆ, ಸೂಜಿಯ ಮೂಲಕ ಮೈಗೆ ಸೇರುವುದು ಏನು ಎಂಬುದು. ಗೋಮಾಂಸವಿದೆ ಎಂಬ ಗುಮಾನಿ ಒಂದು ಕಡೆ, ಹಂದಿಯ ಕೊಬ್ಬಿದೆ ಎಂಬ ಸುದ್ದಿ ಮತ್ತೊಂದು ಕಡೆ. ರೋಗಾಣು ಬೆಳೆಸಲು ಯುರೋಪಿನಲ್ಲಿ ದನದ ಮಾಂಸದ ಸಾರು ಬಳಸುವುದು ವಾಡಿಕೆಯಾಗಿತ್ತು. ಹಾಫ್‌ಕಿನ್ ಅವರು ಈ ದೇಶದ ಜನರ ಮನಸ್ಸನ್ನು ಅರಿತು ಆ ವಾಡಿಕೆಯನ್ನೇ ಬದಲಿಸಿದರು. ಆಡಿನ ಮಾಂಸವನ್ನು ಆಮ್ಲದಲ್ಲಿ ಕರಗಿಸಿ ಸಾರು ಮಾಡಿದರು. ರೋಗಾಣುಗಳು ನೇತಾಡಿಕೊಂಡು ಬೆಳೆಯಲು ಅದರ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರು. ಕೆಲವು ವಾರ ಬೆಳೆದ ರೋಗಾಣುಗಳನ್ನು ಸುಮಾರು 65 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ತಾಸು ಕಾಯಿಸಿ ಕೊಂದು, ಕೆಡದಂತೆ ಸ್ವಲ್ಪ ಕಾರ್ಬಾಲಿಕ್ ಆಮ್ಲ ಬೆರೆಸಿ ಶೀಷೆಗೆ ತುಂಬಿದರು. ತಯಾರಿಕೆಯ ವಿಧಾನವನ್ನು ಗುಟ್ಟು ಮಾಡಲಿಲ್ಲ.

ಮಾಂಸಾಹಾರವನ್ನೇ ಮುಟ್ಟದ ಲಿಂಗಾಯತ, ಜೈನ, ಬ್ರಾಹ್ಮಣ ಮನೆತನಗಳು ಹುಬ್ಬಳ್ಳಿ, ಧಾರವಾಡಗಳಲ್ಲಿ ಬೇಕಾದಷ್ಟಿದ್ದವು. ಆಡಿನ ಸಾರಾದರೂ ಅವರಿಗೆ ಸುಲಭದ ತುತ್ತಾಗಿರಲಿಲ್ಲ. ಆದರೆ ಇರುವುದನ್ನು ಇದ್ದಂತೆ ಹೇಳಿದಾಗ ಅದು ಅವರವರ ಧರ್ಮಸೂಕ್ಷ್ಮಕ್ಕೆ ಬಿಟ್ಟ ತೀರ್ಮಾನವಾಗುತ್ತದೆ, ಮುಚ್ಚಿಟ್ಟರೆ ಮೋಸವಾಗುತ್ತದೆ. ಪ್ರಾಣಿಗಳಿಂದ ಪಡೆದುದನ್ನು ಜನರ ಮುಂದೆ ಬಿಚ್ಚಿ ಹೇಳುವ ಈ ನಡತೆಯೇ ಸಂಸ್ಥೆಗೆ ಬಂದ ಮೊದಲ ಗೌರವ.

ಪರೇಲಿನ ಕಟ್ಟಡವೂ ಅಗ್ನಿಪರೀಕ್ಷೆಯೂ

1899ರ ಆಗಸ್ಟ್ 10ರಂದು ಮುಂಬಯಿಯ ಗವರ್ನರ್ ಲಾರ್ಡ್ ಸ್ಯಾಂಡ್‌ಹರ್ಸ್ಟ್ ಅವರು ಪರೇಲಿನ ಹಳೆಯ ಗವರ್ನಮೆಂಟ್ ಹೌಸ್‌ನಲ್ಲಿ ಪ್ಲೇಗ್ ಸಂಶೋಧನಾ ಪ್ರಯೋಗಾಲಯವನ್ನು ಉದ್ಘಾಟಿಸಿದರು. ಪೋರ್ಚುಗೀಸರ ಕಾಲದಲ್ಲಿ ಕ್ರೈಸ್ತ ಸನ್ಯಾಸಿಗಳ ಮಠವಾಗಿದ್ದು, ಅನಂತರ ಗವರ್ನರರ ನಿವಾಸವಾಗಿದ್ದ ಭವ್ಯ ಕಟ್ಟಡವದು. 1882ರಲ್ಲಿ ಗವರ್ನರ್ ಫರ್ಗುಸನ್ ಅವರ ಪತ್ನಿ ಅಲ್ಲಿಯೇ ಕಾಲರಾದಿಂದ ತೀರಿಕೊಂಡ ಮೇಲೆ ಗವರ್ನರರು ಆ ನಿವಾಸವನ್ನು ತೊರೆದಿದ್ದರು. ಸಾಂಕ್ರಾಮಿಕ ರೋಗಕ್ಕೆ ಅಂಜಿ ಬಿಟ್ಟ ಮನೆ ಸಾಂಕ್ರಾಮಿಕ ರೋಗಗಳನ್ನು ಎದುರಿಸುವ ಮನೆಯಾಯಿತು.

ಮೂರು ವರ್ಷ ಕಳೆಯುವಷ್ಟರಲ್ಲಿ ಸ್ಥಾಪಕರಿಗೆ ಕಠಿಣ ಕಾಲ ಬಂತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ ಲಸಿಕೆ ಪಡೆದವರ ಪೈಕಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಎಲ್ಲರೂ ಒಂದೇ ಶೀಷೆಯಿಂದ ಲಸಿಕೆ ಪಡೆದವರು. ದೋಷ ಪ್ರಯೋಗಾಲಯದ್ದೆಂದು ಹೊರಿಸಿ ಹಾಫ್‌ಕಿನ್ ಅವರನ್ನು ಕೆಲಸದಿಂದ ದೂರವಿಟ್ಟರು. ಹಳ್ಳಿಯಲ್ಲಿ ಶೀಷೆ ತೆರೆಯುವಾಗ ಬಿರಟೆ ಕೆಳಗೆ ಬಿದ್ದು ಮಲಿನವಾಗಿತ್ತು ಎಂಬ ಸಂಗತಿಗೆ ಬೆಲೆ ಸಿಗಲಿಲ್ಲ. ಐದು ವರ್ಷ ಅವರು ತಮ್ಮ ನಿರ್ದೋಷಿತ್ವಕ್ಕಾಗಿ ಹೋರಾಡಿದರು. ಮಲೇರಿಯಾ ಸಂಶೋಧಕ ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಬಹಿರಂಗವಾಗಿ ಅವರ ಪರ ನಿಂತ ಮೇಲೆ 1907ರಲ್ಲಿ ಕಳಂಕ ತೊಳೆಯಿತು. ಹಾಫ್‌ಕಿನ್ ಮತ್ತೆ ಭಾರತಕ್ಕೆ ಬಂದರು. ಆದರೆ ಪರೇಲಿಗೆ ಮರಳಲಿಲ್ಲ. ಕಲಕತ್ತೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತರಾಗಿ, 1930ರ ಅಕ್ಟೋಬರ್ 26ರಂದು ಸ್ವಿಟ್ಜರ್‌ಲೆಂಡಿನ ಲೂಸಾನ್‌ನಲ್ಲಿ ನಿಧನರಾದರು. ತಮ್ಮ ಮನೆಯಿಂದಲೇ ಹೊರಹಾಕಿಸಿಕೊಂಡ ಮಹನೀಯರ ಹೆಸರನ್ನು 1925ರಲ್ಲಿ ಅದೇ ಸಂಸ್ಥೆಗೆ ಇಡಲಾಯಿತು. ಆಗ ನಿರ್ದೇಶಕರಾಗಿದ್ದ ಕರ್ನಲ್ ಮ್ಯಾಕಿ ಅವರು ಈ ನ್ಯಾಯ ದೊರಕಿಸಿದವರಲ್ಲಿ ಪ್ರಮುಖರು. 1897ರಿಂದ 1925ರವರೆಗೆ ಮುಂಬಯಿಯಿಂದ ಹೊರಬಿದ್ದ ಪ್ಲೇಗ್ ಲಸಿಕೆ 2 ಕೋಟಿ 60 ಲಕ್ಷ ಪ್ರಮಾಣ.

ಇಲಿ, ಚಿಗಟ, ಗಿನಿಪಿಗ್

ಪ್ಲೇಗ್ ಹೇಗೆ ಹರಡುತ್ತದೆ ಎಂಬ ಒಗಟು ಬಿಡಿಸಿದ್ದರಲ್ಲೂ ಪರೇಲಿನ ಪಾಲು ದೊಡ್ಡದು. ಇಲಿಯ ಚಿಗಟವೇ ರೋಗ ಸಾಗಿಸುತ್ತದೆ ಎಂದು ಫ್ರಾನ್ಸಿನ ಪಾಲ್ ಲೂಯಿ ಸಿಮೋಂಡ್ 1898ರಲ್ಲಿ ಕರಾಚಿಯಲ್ಲಿ ತೋರಿಸಿದ್ದರೂ ಅನೇಕರು ಒಪ್ಪಿರಲಿಲ್ಲ. ಹಾಫ್‌ಕಿನ್ ಅವರ ಕೈಕೆಳಗೆ ದುಡಿದಿದ್ದ ಗ್ಲೆನ್ ಲಿಸ್ಟನ್ ಅವರು ಇಲಿ ಸತ್ತ ಮುಂಬಯಿಯ ಮನೆಗಳಲ್ಲಿ ಗಿನಿಪಿಗ್‌ಗಳನ್ನು ಬಿಟ್ಟರು. ಆಹಾರವಿಲ್ಲದೆ ಅಲೆಯುತ್ತಿದ್ದ ಇಲಿಚಿಗಟಗಳು ಅವುಗಳ ಮೈಗೆ ಹತ್ತಿಕೊಂಡವು. ಗಿನಿಪಿಗ್‌ಗಳಿಗೂ ಪ್ಲೇಗ್ ಬಂತು. 1905ರಿಂದ ಪರೇಲಿನಲ್ಲಿ ನೆಲೆಗೊಂಡ ಪ್ಲೇಗ್ ಸಂಶೋಧನಾ ಆಯೋಗ ಈ ಪ್ರಯೋಗವನ್ನು ವ್ಯವಸ್ಥಿತವಾಗಿ ಮುಂದುವರಿಸಿತು. ಚಿಗಟ ಮುಟ್ಟದಂತೆ ಕಾಪಾಡಿದ ಪಂಜರದ ಪ್ರಾಣಿಗಳು ರೋಗಿಷ್ಠ ಪ್ರಾಣಿಗಳ ಪಕ್ಕದಲ್ಲಿದ್ದರೂ ಬದುಕಿದವು; ಚಿಗಟಕ್ಕೆ ಸಿಕ್ಕವು ಸತ್ತವು.

ಗಾಳಿಯಿಂದ ಬರುವ ವಿಷವಲ್ಲ, ದೇವರ ಶಾಪವೂ ಅಲ್ಲ, ಇಲಿಯನ್ನು ದೂರವಿಟ್ಟರೆ ಪ್ಲೇಗೂ ದೂರ ಎಂಬ ಅರಿವು ಆಗ ಗಟ್ಟಿಯಾಯಿತು. ಇಲಿ ಬಿದ್ದ ಮನೆ ಬಿಡುವ ನಮ್ಮ ಹಿರಿಯರ ರೂಢಿಗೆ ಶಾಸ್ತ್ರದ ಆಧಾರ ಸಿಕ್ಕಿತು. ಮನೆಗಳಿಗೆ ಬೆಳಕು, ಗಾಳಿ ಬರುವಂತೆ ಮಾಡುವುದು, ಕಾಳುಕಡಿಗಳನ್ನು ಇಲಿ ಮುಟ್ಟದಂತೆ ಇಡುವುದು ಆರೋಗ್ಯ ಶಿಕ್ಷಣದ ಪಾಠಗಳಾದವು. ಆ ಪಾಠಗಳ ಹಿಂದೆ ಹೆಸರಿಲ್ಲದ ಗಿನಿಪಿಗ್‌ಗಳ ಜೀವವಿದೆ ಎಂಬುದನ್ನು ಮಕ್ಕಳಿಗೆ ಹೇಳದೆ ಪಾಠ ಪೂರ್ತಿಯಾಗದು.

ಬೆಳವಣಿಗೆಯ ವರ್ಷಗಳು

1906ರಲ್ಲಿ ಪ್ರಯೋಗಾಲಯಕ್ಕೆ ಮುಂಬಯಿ ಬ್ಯಾಕ್ಟೀರಿಯಾ ಪ್ರಯೋಗಾಲಯ ಎಂಬ ಹೆಸರು ಬಂತು. ಕೆಲಸ ಪ್ಲೇಗನ್ನು ದಾಟಿ ಬೇರೆ ರೋಗಗಳಿಗೂ ಹಬ್ಬಿತು. 1932ರಲ್ಲಿ ಕರ್ನಲ್ ಸಾಹಿಬ್ ಸಿಂಗ್ ಸೋಖೆ ಅವರು ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. ಪ್ಲೇಗಿಗೆ ಸಲ್ಫಾ ಔಷಧಗಳು ನಾಟುತ್ತವೆಯೇ ಎಂಬ ಪರೀಕ್ಷೆ ಇಲಿಗಳ ಮೇಲೆ ಆರಂಭವಾಗಿ ರೋಗಿಗಳ ತನಕ ಬಂದದ್ದು ಅವರ ಕಾಲದಲ್ಲಿ. ಬೇಕಾದ ಔಷಧಗಳನ್ನು ಈ ದೇಶವೇ ಅಗ್ಗವಾಗಿ ತಯಾರಿಸಿಕೊಳ್ಳಬೇಕು ಎಂದು ಅವರು ಕೊನೆಯವರೆಗೂ ವಾದಿಸಿದರು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯಲ್ಲೂ ಉನ್ನತ ಹುದ್ದೆ ವಹಿಸಿದರು.

ಹಳ್ಳಿಗರಿಗೆ ಇಂದಿಗೂ ಹತ್ತಿರದ ಕೊಡುಗೆಯೆಂದರೆ ಹಾವಿನ ವಿಷಕ್ಕೆ ಪ್ರತಿವಿಷ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷವನ್ನು ಕುದುರೆಗಳಿಗೆ ಅತಿ ಸಣ್ಣ ಪ್ರಮಾಣದಿಂದ ಆರಂಭಿಸಿ ತಿಂಗಳುಗಟ್ಟಲೆ ಕೊಡುತ್ತ ಹೋಗುತ್ತಾರೆ. ಕುದುರೆಯ ರಕ್ತದಲ್ಲಿ ವಿಷ ತಡೆಯುವ ಅಂಶ ಬೆಳೆಯುತ್ತದೆ. ರಕ್ತ ತೆಗೆದು ಅದರಿಂದ ಮದ್ದು ಮಾಡುತ್ತಾರೆ. ಸಂಸ್ಥೆಯ ಹಾವುತಜ್ಞ ಪಿ. ಜೆ. ದೇವರಸ್ ಅವರು 1965ರಲ್ಲಿ ಭಾರತದ ಹಾವುಗಳ ಬಗ್ಗೆ ಸಾಮಾನ್ಯ ಓದುಗರಿಗಾಗಿ ಪುಸ್ತಕ ಬರೆದರು. ಯಾವ ಹಾವು ವಿಷದ್ದು, ಯಾವುದು ಬಡಪಾಯಿ ಎಂದು ತಿಳಿದರೆ ಮನುಷ್ಯನೂ ಉಳಿಯುತ್ತಾನೆ, ಹಾವೂ ಉಳಿಯುತ್ತದೆ ಎಂಬ ಜನಶಿಕ್ಷಣ ಆ ಪುಸ್ತಕದ್ದು. ಕಳೆ ತೆಗೆಯುವಾಗ, ಕಣಜ ತೆರೆಯುವಾಗ ಹಾವು ಕಡಿಸಿಕೊಂಡು ಬದುಕಿ ಬಂದ ರೈತರು ನಮ್ಮ ಭಾಗದ ಊರೂರಲ್ಲಿ ಇದ್ದಾರೆ. ಅವರೆಲ್ಲ ಕುದುರೆಗಳ ಋಣದಲ್ಲಿದ್ದಾರೆ.

1975ರಲ್ಲಿ ಲಸಿಕೆ, ಔಷಧಗಳ ತಯಾರಿಕೆಯ ಭಾಗ ಹಾಫ್‌ಕಿನ್ ಜೈವಿಕ ಔಷಧ ನಿಗಮ ಎಂಬ ಪ್ರತ್ಯೇಕ ಕಂಪನಿಯಾಯಿತು. ಸಂಶೋಧನೆ, ತರಬೇತಿ, ಪರೀಕ್ಷೆಗಳು ಸಂಸ್ಥೆಯಲ್ಲೇ ಉಳಿದವು. 2014ರಲ್ಲಿ ಭಾರತ ಪೋಲಿಯೊಮುಕ್ತವೆಂದು ಘೋಷಣೆಯಾದಾಗ, ಮಕ್ಕಳ ಬಾಯಿಗೆ ಬಿದ್ದ ಹನಿಗಳಲ್ಲಿ ಈ ನಿಗಮದ ಪಾಲೂ ಇತ್ತು.

ಈ ಸಂದರ್ಭದಲ್ಲಿ ನೆರೆಯ ಬೆಳಗಾವಿಯನ್ನೂ ನೆನೆಯಬೇಕು. ಅಲ್ಲಿನ ಟಿಳಕವಾಡಿಯ ವ್ಯಾಕ್ಸಿನ್ ಡಿಪೋದಲ್ಲಿ ಕರುಗಳ ಚರ್ಮದ ಮೇಲೆ ಬೆಳೆಸಿದ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ಸಿಡುಬು ನಿರ್ಮೂಲನದ ಕೊನೆಯ ಘಟ್ಟದಲ್ಲಿ ಒಣಗಿಸಿದ ಲಸಿಕೆ ತಯಾರಿಸಿದ ದೇಶದ ನಾಲ್ಕು ಕೇಂದ್ರಗಳಲ್ಲಿ ಬೆಳಗಾವಿ ಒಂದು. ಉಳಿದವು ಮದ್ರಾಸಿನ ಗಿಂಡಿ, ಹೈದರಾಬಾದ್, ಪಟವಾಡಾಂಗರ್. ಇಂದು ಸಭೆ, ಸಮಾರಂಭಗಳಿಗೆ ಪ್ರಸಿದ್ಧವಾದ ವ್ಯಾಕ್ಸಿನ್ ಡಿಪೋ ಮೈದಾನದ ಹೆಸರಿನ ಹಿಂದೆ ಈ ಚರಿತ್ರೆಯಿದೆ.

ದಯೆಯ ದನಿ, ಕಾನೂನಿನ ಕೈ

ಪ್ರಾಣಿಗಳ ಪರವಾದ ದನಿ ಮೊದಲಿನಿಂದಲೂ ಇತ್ತು. ಇಂಗ್ಲೆಂಡಿನಲ್ಲಿ ಫ್ರಾನ್ಸೆಸ್ ಪವರ್ ಕಾಬ್ ಎಂಬ ಮಹಿಳೆ 1875ರಲ್ಲಿ ಪ್ರಾಣಿಪ್ರಯೋಗದ ವಿರುದ್ಧ ಸಂಘ ಕಟ್ಟಿದರು. ಮರುವರ್ಷವೇ ಅಲ್ಲಿ ಪ್ರಯೋಗಗಳನ್ನು ನಿಯಂತ್ರಿಸುವ ಕಾಯ್ದೆ ಬಂತು. ಮಹಾತ್ಮ ಗಾಂಧಿಯವರು 1909ರ ‘ಹಿಂದ್ ಸ್ವರಾಜ್’ನಲ್ಲಿ, ವೈದ್ಯಕೀಯದ ಹೆಸರಿನಲ್ಲಿ ಜೀವಂತ ಪ್ರಾಣಿಗಳನ್ನು ಕೊಯ್ಯುವುದನ್ನು ಕಟುವಾಗಿ ಖಂಡಿಸಿದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ್ದ ಗಾಂಧೀಜಿಯವರಲ್ಲಿ ಅಪಾರ ಭಕ್ತಿಯಿದ್ದ ನಮ್ಮ ಹಿರಿಯರು ಒಂದು ಕಡೆ ಅವರ ಮಾತಿಗೂ, ಇನ್ನೊಂದು ಕಡೆ ಮಕ್ಕಳ ಜೀವ ಉಳಿಸಿದ ಲಸಿಕೆಗೂ ತಲೆಬಾಗಿದರು. ಈ ಎರಡು ನಿಷ್ಠೆಗಳನ್ನು ಹೊಂದಿಸುವ ಕೆಲಸ ಸ್ವತಂತ್ರ ಭಾರತದ ಪಾಲಿಗೆ ಬಂತು.

ಆ ಕೆಲಸಕ್ಕೆ ಮುಂದಾದವರು ನೃತ್ಯ ಕಲಾವಿದೆ ರುಕ್ಮಿಣೀದೇವಿ ಅರುಂಡೇಲ್. 1952ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡ ಅವರು ಪ್ರಾಣಿಹಿಂಸೆ ತಡೆಗೆ ಖಾಸಗಿ ಮಸೂದೆ ಮಂಡಿಸಿದರು. ಸರ್ಕಾರವೇ ಕಾನೂನು ತರುವುದೆಂದು ಪ್ರಧಾನಿ ನೆಹರೂ ಭರವಸೆ ಕೊಟ್ಟ ಮೇಲೆ ಅದನ್ನು ಹಿಂತೆಗೆದುಕೊಂಡರು. ಅದರ ಫಲವೇ 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ. 1962ರಲ್ಲಿ ಮದ್ರಾಸಿನಲ್ಲಿ ರಚನೆಯಾದ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆ.

ಆ ಕಾಯ್ದೆಯ ತೂಕವನ್ನು ನಾವು ಅರಿಯಬೇಕು. ಜೀವ ಉಳಿಸುವ, ನೋವು ಕಳೆಯುವ, ಹೊಸ ಅರಿವು ತರುವ ಪ್ರಯೋಗಗಳನ್ನು ಅದು ನಿಷೇಧಿಸಲಿಲ್ಲ. ಆದರೆ ಷರತ್ತು ಹಾಕಿತು. ಪ್ರಾಣಿಗೆ ನೋವಾಗದಂತೆ ಅರಿವಳಿಕೆ ಕೊಡಬೇಕು. ಸಣ್ಣ ಪ್ರಾಣಿಯಿಂದ ಆಗುವ ಕೆಲಸಕ್ಕೆ ದೊಡ್ಡ ಪ್ರಾಣಿ ಬೇಡ. ಪುಸ್ತಕ, ಮಾದರಿ, ಚಲನಚಿತ್ರಗಳಿಂದ ಕಲಿಸಬಹುದಾದುದಕ್ಕೆ ಪ್ರಾಣಿ ಬೇಡ. ಕೈಚಳಕ ಕಲಿಯುವುದಕ್ಕೆಂದೇ ಪ್ರಾಣಿಯನ್ನು ಕೊಯ್ಯುವುದು ಬೇಡ. ಈ ಷರತ್ತುಗಳನ್ನು ನೋಡಿಕೊಳ್ಳಲು ಒಂದು ಕೇಂದ್ರ ಸಮಿತಿಯನ್ನೂ ಕಾಯ್ದೆ ಕಲ್ಪಿಸಿತು. ಬಳಸದೆ ಸಾಧ್ಯವಿದ್ದರೆ ಬಿಡು, ಬಳಸುವುದಾದರೆ ಕಡಿಮೆ ಬಳಸು, ಬಳಸಿದಷ್ಟಕ್ಕೂ ನೋವು ತಗ್ಗಿಸು ಎಂಬ ಮೂರು ಸೂತ್ರಗಳನ್ನು ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು ಇಂಗ್ಲೆಂಡಿನಲ್ಲಿ ಪ್ರಕಟಿಸಿದ್ದು 1959ರಲ್ಲಿ. ಮರುವರ್ಷವೇ ನಮ್ಮ ಕಾಯ್ದೆಯಲ್ಲೂ ಅದೇ ಆಶಯ ಕಂಡುಬಂತು.

ಜನಾಭಿಪ್ರಾಯದ ಬಲ ಮುಂದೆಯೂ ಕೆಲಸ ಮಾಡಿತು. ಪೋಲಿಯೊ ಲಸಿಕೆ ಮತ್ತಿತರ ಸಂಶೋಧನೆಗಾಗಿ ನಮ್ಮ ದೇಶದ ಕೋತಿಗಳನ್ನು ದಶಕಗಳ ಕಾಲ ಹೊರದೇಶಗಳಿಗೆ ಕಳುಹಿಸಲಾಗುತ್ತಿತ್ತು. 1955ರಲ್ಲಿ ಲಂಡನ್ ವಿಮಾನ ನಿಲ್ದಾಣದಲ್ಲಿ ನೂರಾರು ಕೋತಿಗಳು ಉಸಿರುಕಟ್ಟಿ ಸತ್ತ ಸುದ್ದಿ ದೇಶವನ್ನು ಕಲಕಿತು. ಮೊರಾರ್ಜಿ ದೇಸಾಯಿ ಅವರು ಪ್ರಧಾನಿಯಾಗಿದ್ದಾಗ, 1978ರ ಏಪ್ರಿಲ್‌ನಿಂದ ಈ ರಫ್ತು ಪೂರ್ತಿಯಾಗಿ ನಿಂತಿತು. 1998ರ ನಿಯಮಗಳು ಪ್ರಾಣಿಗಳನ್ನು ಸಾಕುವ, ಪ್ರಯೋಗಕ್ಕೆ ಬಳಸುವ ಪ್ರತಿಯೊಂದು ಸಂಸ್ಥೆಯೂ ನೋಂದಣಿ ಮಾಡಿಸಬೇಕು, ತನ್ನದೇ ನೈತಿಕ ಸಮಿತಿ ಹೊಂದಿರಬೇಕು ಎಂದವು. ಹುಚ್ಚುನಾಯಿ ಕಡಿತಕ್ಕೆ ಹೊಕ್ಕಳ ಸುತ್ತ ಹಾಕುತ್ತಿದ್ದ ಹದಿನಾಲ್ಕು ಸೂಜಿಗಳನ್ನು ನಮ್ಮ ಪೀಳಿಗೆ ಮರೆತಿಲ್ಲ. ಕುರಿಯ ಮಿದುಳಿನಿಂದ ಮಾಡುತ್ತಿದ್ದ ಆ ಲಸಿಕೆ 2004ರ ಕೊನೆಗೆ ನಿಂತು, ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳ ಲಸಿಕೆ ಬಂತು. ರೋಗಿಗೂ ಸುಖ, ಕುರಿಗೂ ಸುಖ.

ನಮ್ಮ ಅಂಗಳದಲ್ಲಿ

ಇಂದು ಧಾರವಾಡ, ಹುಬ್ಬಳ್ಳಿಗಳ ವೈದ್ಯಕೀಯ ಮತ್ತು ಔಷಧ ವಿಜ್ಞಾನ ಕಾಲೇಜುಗಳಲ್ಲಿ ಪ್ರಯೋಗಕ್ಕೆ ಪ್ರಾಣಿ ಬೇಕಾದರೆ ಸಂಶೋಧಕರು ಮೊದಲು ನೈತಿಕ ಸಮಿತಿಯ ಮುಂದೆ ಅರ್ಜಿ ಇಡಬೇಕು. ಎಷ್ಟು ಪ್ರಾಣಿ, ಏಕೆ, ನೋವು ತಡೆಯಲು ಏನು ಕ್ರಮ, ಬೇರೆ ದಾರಿ ಏಕಿಲ್ಲ ಎಂದು ಉತ್ತರಿಸಬೇಕು. ಸಮಿತಿಯಲ್ಲಿ ವಿಜ್ಞಾನಿಗಳು, ಪಶುವೈದ್ಯರು, ಹೊರಗಿನ ಸಂಸ್ಥೆಯ ತಜ್ಞರು, ಕೇಂದ್ರ ಸಮಿತಿಯ ಪ್ರತಿನಿಧಿ ಇರುತ್ತಾರೆ. ಅವರ ಸಾಲಿನಲ್ಲಿ ವಿಜ್ಞಾನಿಯಲ್ಲದ, ಸಮಾಜದ ಹಿತ ಬಲ್ಲ ಒಬ್ಬ ಸದಸ್ಯರೂ ಇರಲೇಬೇಕು. 1898ರಲ್ಲಿ ಹುಬ್ಬಳ್ಳಿಯ ಜನ ಬೀದಿಯಲ್ಲಿ ನಿಂತು ಕೇಳಿದ ಪ್ರಶ್ನೆಗೆ ಇಂದು ಸಮಿತಿಯ ಮೇಜಿನ ಮುಂದೆ ಕುರ್ಚಿ ಸಿಕ್ಕಿದೆ.

ಕಪ್ಪೆ ಕೊಯ್ದು ಪ್ರಾಣಿಶಾಸ್ತ್ರ ಕಲಿತ ಪೀಳಿಗೆ ನಮ್ಮದು. ವಿಶ್ವವಿದ್ಯಾಲಯ ಅನುದಾನ ಆಯೋಗ 2011ರಲ್ಲಿ ಮಾರ್ಗಸೂಚಿ ಕೊಟ್ಟು, 2014ರಲ್ಲಿ ಇನ್ನಷ್ಟು ಬಿಗಿಗೊಳಿಸಿದ ಮೇಲೆ ಕೊಯ್ತದ ತಟ್ಟೆಗಳು ತೆರೆಮರೆಗೆ ಸರಿದವು. ಮಾದರಿ, ಗಣಕಯಂತ್ರದ ಚಿತ್ರಗಳು ಬಂದವು. ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗ ಕಪ್ಪೆಗಳ ಅಧ್ಯಯನಕ್ಕೆ ಹೆಸರಾದುದು. ಮುಂದೆ ಕುಲಪತಿಗಳೂ ಆದ ಪ್ರೊ. ಎಸ್. ಕೆ. ಸೈದಾಪುರ ಅವರ ಬಳಗ, ಗೊದಮೊಟ್ಟೆಗಳು ಒಡಹುಟ್ಟಿದವರನ್ನು ಗುರುತಿಸುತ್ತವೆಯೇ ಎಂಬಂಥ ಪ್ರಶ್ನೆಗಳನ್ನು ಅವುಗಳ ನಡವಳಿಕೆ ನೋಡುತ್ತಲೇ ಬಿಡಿಸಿತು. ಪ್ರಾಣಿಯನ್ನು ಅರಿಯಲು ಕತ್ತರಿಯೊಂದೇ ದಾರಿಯಲ್ಲ ಎಂದು ನಮ್ಮ ಧಾರವಾಡವೇ ತೋರಿಸಿದೆ.

ಪ್ರಸಾಧನ ವಸ್ತುಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ 2014ರಲ್ಲಿ ನಿಷೇಧಿಸಿತು. ಹೊಸ ಔಷಧಗಳ ಪರೀಕ್ಷೆಯಲ್ಲಿ ಪ್ರಾಣಿಯೇತರ ವಿಧಾನಗಳಿಗೂ 2023ರಲ್ಲಿ ನಿಯಮ ತಿದ್ದಿ ಅವಕಾಶ ಕೊಟ್ಟಿತು. 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಮೆರಿಕದ ವಿಜ್ಞಾನಿಗಳ ಜೊತೆಗೂಡಿ ನಾಗರಹಾವು, ಕಟ್ಟುಹಾವುಗಳ ಒಂದು ಬಗೆಯ ನಂಜನ್ನು ತಡೆಯುವ ಪ್ರತಿಕಾಯವನ್ನು ಕುದುರೆಯ ಹಂಗಿಲ್ಲದೆ ಪ್ರಯೋಗಾಲಯದಲ್ಲಿ ಸಿದ್ಧಪಡಿಸಿರುವುದನ್ನು ಪ್ರಕಟಿಸಿದರು. ಅದನ್ನು ಪರೀಕ್ಷಿಸಿದ್ದು ಇನ್ನೂ ಇಲಿಗಳ ಮೇಲೆಯೇ. ಆಸ್ಪತ್ರೆಗೆ ಬರಲು ಸಮಯ ಬೇಕು. ಅದೇ ತಿಂಗಳು ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಪರೇಲಿನ ಕುದುರೆಗಳು ಹೊತ್ತ ಭಾರವನ್ನು ಕನ್ನಡ ನಾಡಿನ ವಿಜ್ಞಾನ ಇಳಿಸತೊಡಗಿದೆ ಎಂಬುದು ಈ ಸ್ಮರಣೆಯ ಹೊತ್ತಿನಲ್ಲಿ ಸಂತೋಷದ ಸುದ್ದಿ.

ನಮ್ಮ ಬಿನ್ನಹ

ಹಾಫ್‌ಕಿನ್, ಲಿಸ್ಟನ್, ಮ್ಯಾಕಿ, ಸೋಖೆ, ದೇವರಸ್ ಮೊದಲಾದ ಮಹನೀಯರಿಗೂ, ಆಗಾ ಖಾನ್ ಅವರಂಥ ದಾನಿಗಳಿಗೂ, ಹುಬ್ಬಳ್ಳಿಯಲ್ಲಿ ದುಡಿದ ವೈದ್ಯರು ಮತ್ತು ಸೇವಕರಿಗೂ, ಧೈರ್ಯದಿಂದ ತೋಳು ಚಾಚಿದ ನಮ್ಮ ಪೂರ್ವಜರಿಗೂ ಧಾರವಾಡ ಸೀಮೆಯ ಪರವಾಗಿ ಗೌರವ ಸಲ್ಲಿಸುತ್ತೇವೆ. ಮೊಲ, ಗಿನಿಪಿಗ್, ಇಲಿ, ಆಡು, ಕುರಿ, ಕರು, ಕುದುರೆ, ಕೋತಿಗಳಿಗೂ ಅಷ್ಟೇ ಗೌರವ ಸಲ್ಲಬೇಕು. ಔಷಧ ಬೇಡ ಎನ್ನುವುದು ದಯೆಯಲ್ಲ. ಪ್ರಾಣಿಯ ನೋವು ಲೆಕ್ಕಕ್ಕಿಲ್ಲ ಎನ್ನುವುದು ವಿಜ್ಞಾನವೂ ಅಲ್ಲ.

ಶಾಲೆಯಲ್ಲಿ ಲಸಿಕೆಯ ಪಾಠ ಮಾಡುವ ಶಿಕ್ಷಕರು ಅದರ ಹಿಂದಿನ ಪ್ರಾಣಿಗಳ ಪಾಠವನ್ನೂ ಮಾಡಲಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಜನ ಕೇಳುವ ಪ್ರಶ್ನೆಗೆ ಸಿಬ್ಬಂದಿ ತಾಳ್ಮೆಯಿಂದ ಉತ್ತರ ಕೊಡಲಿ. ಕಾಲೇಜುಗಳ ನೈತಿಕ ಸಮಿತಿಗಳಲ್ಲಿ ವಿಜ್ಞಾನಿಯಲ್ಲದ ಸದಸ್ಯರ ಸ್ಥಾನಕ್ಕೆ ಕರೆ ಬಂದರೆ ನಮ್ಮ ರೈತರು, ಶಿಕ್ಷಕರು, ತಾಯಂದಿರು ಹಿಂಜರಿಯದೆ ಹೋಗಿ ಕುಳಿತು ಪ್ರಶ್ನೆ ಕೇಳಲಿ. ಪರೇಲಿನ ಸಂಸ್ಥೆಗೆ ನಾವು ಸಲ್ಲಿಸಬಹುದಾದ ನಿಜವಾದ ಕಾಣಿಕೆ ಇದೇ.